ಸಕ್ಕರೆಯಲ್ಲಿ ಅದ್ದಿದ ಲಂಗ

ನಮ್ಮೂರು ಲಾಕ್ಸ್‌ಟನ್‌ನ ಪುರಭವನದಲ್ಲಿ ಐವತ್ತರ ದಶಕದ ನೃತ್ಯದ ಸಂಜೆ, ಆ ಕಾಲದ ಉಡುಪಿನಲ್ಲೇ ಬರಬೇಕು ಎಂಬ ಚೀಟಿ ಬೇಕರಿಯ ಗಾಜಿನ ಮೇಲೆ ಕಾಣಿಸಿಕೊಂಡ ಮರುದಿನವೇ ಎರ್ನಾ ದೊಡ್ಡಮ್ಮ ನಮ್ಮ ಮನೆಗೆ ಬಂದಳು. ಕಂಕುಳಲ್ಲಿ ಹಳೆಯ ದಿಂಬಿನ ಚೀಲವೊಂದಿತ್ತು. ಅಡುಗೆಮನೆಯ ಮೇಜಿನ ಮೇಲೆ ಅದನ್ನು ಕೊಡವಿದಾಗ ನೆಟ್ ಬಟ್ಟೆಯ ಒಳಲಂಗವೊಂದು ಮೆಲ್ಲಗೆ ಹೊರಗೆ ಜಾರಿ, ಪದರ ಪದರವಾಗಿ ಹರಡಿಕೊಂಡಿತು.

"ಗುರುತು ಸಿಕ್ತೇನೇ ವಾಲ್?"

ನನ್ನ ಅಮ್ಮ ವಾಲ್ಮೇ ಬಟಾಣಿ ಸುಲಿಯುತ್ತಿದ್ದಳು. ತಲೆ ಎತ್ತಿ ನೋಡಿದಳು. "ಇನ್ನೂ ಇಟ್ಕೊಂಡಿದ್ದೀಯಾ? ಯಾವಾಗ್ಲೋ ನೆಲ ಒರೆಸೋ ಬಟ್ಟೆ ಆಗಿರುತ್ತೆ ಅಂದ್ಕೊಂಡಿದ್ದೆ."

ಅಮ್ಮ ಹಾಗೆಯೇ. ಅವಳ ಮನೆಯಲ್ಲಿ ಹಳೆಯದೆಂಬುದು ಉಳಿಯುವುದಿಲ್ಲ. ದೊಡ್ಡಮ್ಮನ ಮನೆಗೆ ಹೋದರೆ ಹಿಟ್ಟು, ಸಕ್ಕರೆ, ಅಕ್ಕಿ, ಸಬ್ಬಕ್ಕಿ, ಚಹಾ ಎಂದು ಬರೆದ ಹಸಿರು ಡಬ್ಬಿಗಳು ಅಜ್ಜಿ ಇಟ್ಟ ಸಾಲಿನಲ್ಲೇ ಇವೆ. ಕಂದು ಬಣ್ಣದ ರೇಡಿಯೊ ಹಾಡುವುದಿಲ್ಲ, ಆದರೂ ಅದರ ಗುಬುಟನ್ನು ವಾರಕ್ಕೊಮ್ಮೆ ಒರೆಸುತ್ತಾಳೆ. ಚಿಕ್ಕವಳಿದ್ದಾಗ ನನಗೆ ಆ ಮನೆಯೊಳಗೆ ಕಾಲಿಟ್ಟರೆ ನೀರಿನಡಿಯಲ್ಲಿ ನಡೆದಂತಾಗುತ್ತಿತ್ತು. ಶಬ್ದವೆಲ್ಲ ತಗ್ಗಿ, ಬೆಳಕು ನಿಧಾನವಾಗುತ್ತಿತ್ತು.

"ಏಪ್ರಿಕಾಟ್ ಬಣ್ಣ ಎಷ್ಟು ಚೆನ್ನಾಗಿತ್ತು ಅಲ್ವಾ?" ಎಂದಳು ದೊಡ್ಡಮ್ಮ.

"ಏಪ್ರಿಕಾಟಾ? ನಿಂಬೆ ಬಣ್ಣ ಕಣೇ ಅದು."

"ನಿನಗೆ ಆಗ್ಲೂ ಕಣ್ಣು ಕಾಣ್ತಿರ್ಲಿಲ್ಲ, ಈಗ್ಲೂ ಇಲ್ಲ."

ಈಗ ಅದಕ್ಕೆ ಹಾಲು ಬೆರೆಸಿದ ಚಹಾದ ಬಣ್ಣ. ಜಗಳ ನಿಲ್ಲಲಿ ಎಂದು ನಾನು ಸೊಂಟಪಟ್ಟಿಯ ಹೊಲಿಗೆ ಒಂದಿಷ್ಟು ಬಿಚ್ಚಿದೆ. ಬಿಸಿಲು ತಾಗದ ಮಡಿಕೆಯೊಳಗಿದ್ದದ್ದು ಎಳೆ ಹಸಿರು. ಇಬ್ಬರೂ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. 

"ಒಳಗಡೆ ಬೇರೆ ಬಟ್ಟೆ ಹಾಕಿದ್ರೇನೋ," ಎಂದಳು ದೊಡ್ಡಮ್ಮ ಕೊನೆಗೆ.

ಲಂಗ ಅವರಿಬ್ಬರಿಗೂ ಸೇರಿದ್ದು. ಅಡಿಲೇಡಿನಿಂದ ಅವರ ಚಿಕ್ಕಮ್ಮ ತಂದಿದ್ದ ನೆಟ್ ಬಟ್ಟೆ ಒಂದೇ ಲಂಗಕ್ಕೆ ಸಾಲುವಷ್ಟಿತ್ತು. ಹಾಗಾಗಿ ಒಂದು ಶನಿವಾರ ಅಕ್ಕ ಕುಣಿಯಲು ಹೋದರೆ, ಇನ್ನೊಂದು ಶನಿವಾರ ತಂಗಿ. ಉಬ್ಬಿದ ಲಂಗವಿಲ್ಲದೆ ಹುಡುಗಿಯರು ಪುರಭವನದ ಮೆಟ್ಟಿಲು ಹತ್ತುವ ಕಾಲವಲ್ಲ ಅದು.

ನೃತ್ಯವಿದ್ದ ಶನಿವಾರ ಬೆಳಗ್ಗೆಯೇ ದೊಡ್ಡಮ್ಮ ಮತ್ತೆ ಬಂದಳು. ಲಂಗ ಉಬ್ಬಿ ನಿಲ್ಲಲು ಅಂಗಡಿಯಲ್ಲಿ ಸಿಗುವ ಗಂಜಿಯ ಸ್ಪ್ರೇ ತಂದುಕೊಡಲೇ ಎಂದು ಕೇಳಿದೆ.

"ಸ್ಪ್ರೇಯಂತೆ! ಸಕ್ಕರೆ ಪಾಕ ಮಾಡ್ಬೇಕು ಕಣೇ ಜಾಯ್. ಕುದಿಯೋ ನೀರಿಗೆ ಸಕ್ಕರೆ ಸುರಿದು, ಅದ್ದಿ, ಬಿಚ್ಚಿದ ಛತ್ರಿ ಮೇಲೆ ಹರಡಿ ಒಣಗಿಸಿದ್ರೆ ತಾನಾಗೇ ನಿಂತ್ಕೊಳ್ಳುತ್ತೆ ಲಂಗ. ಒಳಗೆ ಹುಡುಗಿ ಬೇಕಾಗೇ ಇಲ್ಲ."

"ಕೂತ್ಕೊಂಡ್ರೆ ತೊಡೆ ತರಚೋದು. ಅದನ್ನ ಯಾಕೆ ಹೇಳಲ್ಲ?" ಎಂದಳು ಅಮ್ಮ. ಆದರೆ ಎದ್ದು ದೊಡ್ಡ ಪಾತ್ರೆ ಒಲೆಗಿಟ್ಟವಳು ಅವಳೇ.

ಪಾಕ ತೆಳುವಾಯಿತೆಂದು ಒಬ್ಬಳು, ಗಟ್ಟಿಯಾಯಿತೆಂದು ಇನ್ನೊಬ್ಬಳು. ತೋಳು ಮಡಿಸಿ ಇಬ್ಬರೂ ಲಂಗವನ್ನು ಅದ್ದಿ ಅದ್ದಿ ಎತ್ತಿದರು. ಅಡುಗೆಮನೆಯ ತುಂಬ ಬಿಸಿ ಸಕ್ಕರೆಯ ಘಮ. ಹಿತ್ತಲಿನ ಬಟ್ಟೆ ಹಗ್ಗಕ್ಕೆ ಅಪ್ಪನ ಕಪ್ಪು ಛತ್ರಿಯನ್ನು ಬಿಚ್ಚಿ ಕಟ್ಟಿ, ಅದರ ಸುತ್ತ ಲಂಗ ಹರಡಿ, ಕೈ ತೊಳೆದು, ಚಹಾಕ್ಕೆಂದು ಒಳಗೆ ಬಂದೆವು. ಅಕ್ಟೋಬರ್ ತಿಂಗಳೆಂಬುದು ಮೂವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ಅಕ್ಟೋಬರಿನಲ್ಲಿ, ಇಲ್ಲಿನ ವಸಂತದಲ್ಲಿ, ನಮ್ಮೂರ ಸುತ್ತ ಮೈಲಿಗಟ್ಟಲೆ ಕಿತ್ತಳೆ ತೋಟಗಳು ಹೂಬಿಟ್ಟಿರುತ್ತವೆ. ತೋಟಕ್ಕೊಂದರಂತೆ ಜೇನುಪೆಟ್ಟಿಗೆಗಳ ಸಾಲು.

ಮೊದಲು ಗೊತ್ತಾದದ್ದು ನನಗೆ. ಹೊರಗೆ ಯಾರೋ ಬಾಯಿ ಮುಚ್ಚಿ ಹಾಡುತ್ತಿರುವಂತೆ ಸದ್ದು. ಬಾಗಿಲು ತೆರೆದರೆ ಲಂಗವೇ ಇರಲಿಲ್ಲ. ಅದರ ಜಾಗದಲ್ಲಿ, ಅದೇ ಆಕಾರದಲ್ಲಿ, ಕಂದು ಹೊನ್ನಿನ ಬಣ್ಣದ ಜೀವಂತವಾದದ್ದೊಂದು ಮಿಸುಕುತ್ತ ತೂಗುತ್ತಿತ್ತು. ಅಷ್ಟೂ ಜೇನುನೊಣಗಳು. ಗಾಳಿಗೆ ಛತ್ರಿ ತಿರುಗಿದರೆ ಅವೂ ಲಂಗದ ಅಂಚಿನಂತೆ ಅಲೆಯಾಗಿ ತಿರುಗುತ್ತಿದ್ದವು.

"ಅಯ್ಯೋ, ನನ್ನ ಲಂಗ!" ದೊಡ್ಡಮ್ಮ ಪೊರಕೆ ಹಿಡಿದು ಹೊರಟಳು.

ಅಮ್ಮ ಅವಳ ತೋಳು ಹಿಡಿದುಕೊಂಡಳು. "ಹುಚ್ಚಿಯೇನೇ ನೀನು? ಊದಿದ ಮುಖ ಇಟ್ಕೊಂಡು ಕುಣೀತೀಯಾ? ಬಿಡು. ಕುಡ್ಕೊಂಡು ಹೋಗ್ಲಿ."

ಮಾಡುವುದೇನೂ ಇರಲಿಲ್ಲ. ಹಿಂಬಾಗಿಲ ಬಳಿ ಕುರ್ಚಿ ಹಾಕಿ ಕೂತೆವು. ಮಧ್ಯಾಹ್ನವೆಲ್ಲ ಆ ಗುಂಯ್‌ಗುಡುವಿಕೆ ಕೇಳುತ್ತ ಕೇಳುತ್ತ ಮೈ ಹಗುರಾಯಿತು. ಅಮ್ಮ ಮಾಡಿದ್ದ, ಮೇಲೆ ಬೆಣ್ಣೆ ಸಕ್ಕರೆಯ ಪುಡಿ ಉದುರಿಸಿದ ಕೂಕನ್ ಕೇಕನ್ನು ಮುರಿದು ತಿಂದೆವು. ಕಿತ್ತಳೆ ಹೂವಿನ ವಾಸನೆ ಬಂದು ಹೋಗುತ್ತಿತ್ತು. ನಿದ್ದೆಯೋ ಎಚ್ಚರವೋ ಎಂಬ ಹೊತ್ತಿನಲ್ಲಿ ದೊಡ್ಡಮ್ಮ ತಂಗಿಯ ಕಡೆ ತಿರುಗದೆಯೇ ಮಾತಾಡಿದಳು.

"ನನ್ನ ಸರದಿ ಬಂದಾಗ ನೀನು ಕಿಟಕಿ ಹತ್ರ ಕೂತ್ಕೊಂಡಿರ್ತಿದ್ದೆ. ಗೇಟಿಂದ ತಿರುಗಿ ನೋಡ್ತಿದ್ದೆ ನಾನು. ಪಾಪ, ಅಳ್ತಿದ್ದಾಳೆ ಅನ್ಸೋದು. ಅಲ್ಲಿ ಎಷ್ಟು ಕುಣಿದ್ರೂ ಅದೊಂದು ಚುಚ್ತಾನೇ ಇರ್ತಿತ್ತು."

ಅಮ್ಮ ನಕ್ಕಳು. "ಅಳೋದಾ? ಯಾರು, ನಾನಾ?"

"ಮತ್ತೆ?"

"ಎರ್ನಾ, ನಿಜ ಹೇಳ್ತೀನಿ ಕೇಳು. ನನಗೆ ಕುಣಿಯೋ ಶನಿವಾರಕ್ಕಿಂತ ಮನೇಲಿರೋ ಶನಿವಾರಾನೇ ಇಷ್ಟ ಆಗೋದು. ಅಲ್ಲಿ ಹೋದ್ರೆ ಬೆವರು, ಕಾಲು ತುಳಿಯೋ ಹುಡುಗ್ರು, ತರಚೋ ಲಂಗ. ಮನೇಲಿ ದೀಪ ಆರಿಸಿ ಕಿಟಕಿ ತೆಗೆದ್ರೆ ಬ್ಯಾಂಡಿನ ಸದ್ದು ದ್ರಾಕ್ಷಿ ಸಾಲುಗಳ ಮೇಲಿಂದ ತೇಲಿ ಬರೋದು. ಗಾಳಿ ತಿರುಗಿದ್ರೆ ಮಾಯ, ಮತ್ತೆ ಬರೋದು. ಕಣ್ಣು ಮುಚ್ಕೊಂಡು ಮನಸ್ಸಿಗೆ ಬಂದವರ ಜೊತೆ ಕುಣೀತಿದ್ದೆ. ಯಾರೂ ಕಾಲು ತುಳೀತಿರ್ಲಿಲ್ಲ."

ದೊಡ್ಡಮ್ಮ ಬಾಯಿ ಬಿಟ್ಟುಕೊಂಡು ತಂಗಿಯನ್ನು ನೋಡಿದಳು. "ಇಷ್ಟು ವರ್ಷ ಸುಮ್ಮನೆ ಮರುಗಿದ್ನಲ್ಲೇ, ಕಳ್ಳಿ!"

"ನೀನು ಕೇಳಿದ್ರೆ ತಾನೇ ಹೇಳೋದು?"

ದೊಡ್ಡಮ್ಮ ಮಡಿಲ ಮೇಲಿನ ಕೇಕಿನ ಪುಡಿಯನ್ನು ರಪರಪ ಕೊಡವಿದಳು. ಕೋಪವೋ ಏನೋ ನನಗೆ ತಿಳಿಯಲಿಲ್ಲ. ಬಿಸಿಲು ಇಳಿಯುತ್ತಲೇ ಜೇನುಗಳು ಗುಂಪು ಗುಂಪಾಗಿ ತೋಟದ ಕಡೆ ಹಾರಿಹೋದವು. ಛತ್ರಿಯ ಮೇಲೆ ಉಳಿದದ್ದು ಜೋತುಬಿದ್ದ, ಅಲ್ಲಲ್ಲಿ ಅಂಟಂಟಾದ ಒಂದು ಬಟ್ಟೆ.

"ನಾನು ಬರಲ್ಲ. ಇದನ್ನ ಉಟ್ಕೊಂಡು ಹೋದ್ರೆ ಒದ್ದೆ ಕೋಳಿ ಥರ ಕಾಣ್ತೀನಿ," ಎಂದಳು ದೊಡ್ಡಮ್ಮ.

"ಏಳು ಸಾಕು. ಬೆಳಗ್ಗಿಂದ ನನ್ನ ಮನೆ ಸಕ್ಕರೆ ಎಲ್ಲಾ ಖಾಲಿ ಮಾಡಿದ್ದೀಯ, ಹೋಗ್ಲೇಬೇಕು," ಎಂದು ಅಮ್ಮ ತಾನೇ ಅವಳಿಗೆ ಲಂಗ ತೊಡಿಸಿ, ಮೇಲೆ ನೀಲಿ ಚುಕ್ಕಿಯ ಫ್ರಾಕು ಹಾಕಿ, ತುಟಿಗೆ ಕೆಂಪು ಬಳಿದಳು. ತಾನು ಮಾತ್ರ ದಿನನಿತ್ಯದ ಸ್ವೆಟರಿನಲ್ಲೇ ಕಾರು ಹತ್ತಿದಳು.

ಪುರಭವನದಲ್ಲಿ ದೊಡ್ಡಮ್ಮ ಕುಣಿದಳು. ಹಳೆಯ ಪೋಸ್ಟ್‌ಮಾಸ್ಟರ್ ವಿಲ್ಫ್ ಜೊತೆ ಒಂದು ಸುತ್ತು, ಟೈರ್ ಅಂಗಡಿಯ ಹುಡುಗಿಗೆ ಹೆಜ್ಜೆ ಹೇಳಿಕೊಡುತ್ತ ಇನ್ನೊಂದು ಸುತ್ತು. ಲಂಗ ಕಾಲಿಗೆ ಅಂಟಿಕೊಂಡಾಗಲೆಲ್ಲ ನಗುತ್ತ ಬಿಡಿಸಿಕೊಂಡಳು. ಮೂರನೆಯ ಹಾಡಿನ ನಡುವೆ ಇದ್ದಕ್ಕಿದ್ದಂತೆ ನಿಂತು, ಗೋಡೆಯ ಬದಿಯಲ್ಲಿ ಕೂತಿದ್ದ ಅಮ್ಮನ ಬಳಿ ಬಂದಳು.

"ಏಳೇ ವಾಲ್. ಹೊರಗೆ ಹೋಗೋಣ."

"ಯಾಕೆ, ಉಸಿರು ಕಟ್ತಾ?"

"ಇಲ್ಲ. ನಾನು ಯಾವತ್ತೂ ಒಳಗೇ ಇದ್ದೆ."

ಅಮ್ಮನಿಗೆ ಅರ್ಥವಾಯಿತು. ನನ್ನ ಕೈಯಿಂದ ಕಾರಿನ ಕೀಲಿ ತೆಗೆದುಕೊಂಡು ದೊಡ್ಡಮ್ಮನಿಗೆ ಕೊಟ್ಟಳು, ಆಮೇಲೆ ಅವಳಿಗೆ ಓಡಿಸಲು ಬರುವುದಿಲ್ಲವೆಂಬುದು ನೆನಪಾಗಿ ನನಗೇ ಹಿಂದಿರುಗಿಸಿದಳು. ರಸ್ತೆ ಮುಗಿಯುವಲ್ಲಿ ದ್ರಾಕ್ಷಿ ತೋಟದ ಅಂಚಿಗೆ ಕಾರು ನಿಲ್ಲಿಸಿ, ಕಿಟಕಿಗಳನ್ನೆಲ್ಲ ಇಳಿಸಿದೆ. ಆಕಾಶದಲ್ಲಿ ಇನ್ನೂ ಚೂರು ಬೆಳಕಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕಣ್ಣು ಮುಚ್ಚಿದರು.

ಸಾಲುಗಳ ಮೇಲಿಂದ ತುತ್ತೂರಿಯ ದನಿ ಬಂತು, ಹೋಯಿತು, ಮತ್ತೆ ಬಂತು.

"ಇದ್ಯಾವ ಹಾಡೇ? ನಾನು ಕೇಳೇ ಇಲ್ಲ," ಎಂದಳು ದೊಡ್ಡಮ್ಮ ಪಿಸುದನಿಯಲ್ಲಿ.

"ಈಗ ತಾನೇ ಒಳಗೆ ಕುಣಿದ್ಯಲ್ಲ, ಅದೇ. ದೂರದಿಂದ ಹೀಗೆ ಕೇಳುತ್ತೆ."

"ಯಾರ ಜೊತೆ ಕುಣೀತಿದ್ದೀಯ ಈಗ?"

"ನಿಂಗ್ಯಾಕೆ ಹೇಳ್ಲಿ? ಸುಮ್ಮನಿರು."

 ಹಾಡು ಮುಗಿದು ಇನ್ನೊಂದು ಶುರುವಾಯಿತು. ಕನ್ನಡಿಯಲ್ಲಿ ನೋಡಿದೆ. ದೊಡ್ಡಮ್ಮನ ಮುಖದ ಮೇಲೆ, ಕಣ್ಣು ಮುಚ್ಚಿದ್ದ ಹಾಗೇ, ಯಾರಿಗೋ ಒಪ್ಪಿಗೆ ಕೊಟ್ಟಂಥ ನಗು ಮೂಡುತ್ತಿತ್ತು.