ಎಡಕ್ಕೆ ತಿರುಚಿದ ಗಿಡಗಳು

ಸಂಜೆಯಾದರೆ ಉಸುನ್ ಹಾಡುತ್ತಾಳೆ. ಘೇಂಡಾಮೃಗ ಎಲ್ಲಾದರೂ ಹಾಡುತ್ತದೆಯೇ ಎಂದು ಪಟ್ಟಣದಿಂದ ಬಂದವರು ನಗುತ್ತಾರೆ. ನಗಲಿ, ಅವರ ಗಂಟೇನು ಹೋಗುತ್ತದೆ. ಅವಳು ನಮ್ಮ ಸಂರಕ್ಷಣಾ ಕೇಂದ್ರದ ಬೇಲಿಯೊಳಗಿನ ಕೆಸರಿನಲ್ಲಿ ಮುಳುಗಿ, ಮೂಗಿನಲ್ಲಿ ಸಣ್ಣಗೆ ಕೂಗಿ, ನಿಲ್ಲಿಸಿ, ಕಿವಿಯೆತ್ತಿ ಕಾಯುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಹನ್ನೊಂದು ವರ್ಷದಿಂದ ಅವಳಿಗೆ ಸೊಪ್ಪು ಕತ್ತರಿಸಿ ಹಾಕುತ್ತಿರುವವಳು ನಾನು, ದೆವುಂಗ್. ಆ ಕಾಯುವಿಕೆಯನ್ನು ನೋಡಿ ನೋಡಿ ನನ್ನ ಕರುಳು ಸವೆದಿದೆ.

ನಮ್ಮ ಬೋರ್ನಿಯೋ ಕಾಡಿನ ಈ ಸಣ್ಣ, ಮೈತುಂಬ ರೋಮವಿರುವ ತಳಿಯಲ್ಲಿ ನಮ್ಮ ಕಣ್ಣಿಗೆ ಸಿಕ್ಕಿರುವುದು ಇವಳೊಬ್ಬಳೇ. ಒಂದು ಗಂಡು ಸಿಕ್ಕರೆ ಸಂತಾನ ಉಳಿಯುತ್ತದೆ. ಸಿಗದಿದ್ದರೆ ಇವಳೊಂದಿಗೆ ಮುಗಿಯಿತು.

ಗಂಡು ಇದೆ ಎಂದು ನಮ್ಮನ್ನು ನಂಬಿಸಿದ್ದು ಗಿಡಗಳು. ಘೇಂಡಾಮೃಗ ತಾನು ನಡೆಯುವ ದಾರಿಯಲ್ಲಿ ಎಳೆ ಗಿಡವನ್ನು ಬಾಯಲ್ಲಿ ಕಚ್ಚಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಟ್ಟು ಹೋಗುತ್ತದೆ. ಇನ್ನೊಂದು ಬಂದರೆ ಅದನ್ನು ಮೂಸಿ, ಪಕ್ಕದಲ್ಲಿ ತಾನೂ ಒಂದನ್ನು ತಿರುಚುತ್ತದೆ. ಅದೇ ಅವುಗಳ ಕಾಗದ ಪತ್ರ. ನಾಲ್ಕು ವರ್ಷದಿಂದ ಮೇಲಿನ ಗುಡ್ಡದಲ್ಲಿ ಅಂಥ ಗಿಡಗಳು ಸಿಗುತ್ತಿದ್ದವು. ಹೆಜ್ಜೆ ಮಾತ್ರ ಒಂದೂ ಇಲ್ಲ. ಕ್ಯಾಮೆರಾದಲ್ಲಿ ಬರೀ ಹಂದಿ, ಕಡವೆ, ಕರಡಿ. "ಹೆಜ್ಜೆನೆಲ್ಲ ಮಳೆ ತೊಳ್ದಿದೆ" ಎನ್ನುತ್ತಿದ್ದರು ನಮಗೆ ಜಾಡು ತೋರಿಸುವ ಲಾವಿಂಗ್ ಅಜ್ಜ. ಎಪ್ಪತ್ತು ದಾಟಿದ ಅವರ ಮಾತಿಗೆ ಎದುರಾಡುವವರು ಯಾರು?

ಕೊನೆಗೆ ಕೇಂದ್ರ ನಡೆಸುವ ಡಾಕ್ಟರ ತಾಳ್ಮೆ ಕೆಟ್ಟಿತು. ಇನ್ನೊಂದೇ ಸಲ ನೋಡಿ, ಗುರುತು ಸಿಗದಿದ್ದರೆ ಹುಡುಕಾಟ ಬಂದ್ ಎಂದರು. ನಾಲ್ಕಕ್ಷರ ಬರುತ್ತದೆ ಎಂಬ ತಪ್ಪಿಗೆ ವರದಿ ಬರೆಯುವ ಕೆಲಸವನ್ನು ನನ್ನ ತಲೆಗೇ ಕಟ್ಟಿದರು.

ಅಜ್ಜನೂ ನಾನೂ ಹೊರಟ ಮೂರನೆಯ ದಿನ ಗುಡ್ಡದ ಮೇಲೆ ತಿರುಚಿದ ಗಿಡ ಸಿಕ್ಕಿತು. ಹಸಿ ತಿರುಚು, ಇನ್ನೂ ಹಾಲು ಒಸರುತ್ತಿತ್ತು. ನಾನು ಅಲ್ಲೇ ಕುಸಿದು ಕುಳಿತು ಅತ್ತುಬಿಟ್ಟೆ. ಅಜ್ಜ ಬೇರೆ ಕಡೆ ಮುಖ ತಿರುಗಿಸಿದರು.

ಮಧ್ಯಾಹ್ನ ಹೊಳೆದಂಡೆಯಲ್ಲಿ ಬಿದಿರಿನ ಅಂಡೆಯಲ್ಲಿ ಅನ್ನ ಬೇಯಲು ಇಟ್ಟಿದ್ದೆ. ಅಜ್ಜ ಅಂಗಿ ತೊಳೆದು ಹಿಂಡಿದರು. ಅವರು ಎಡಗೈಯವರು. ಅಂಗಿ ಎಡಕ್ಕೆ ತಿರುಚಿಕೊಂಡಿತು. ನಾನು ಫೋನು ತೆಗೆದು ನಾಲ್ಕು ವರ್ಷದ ಫೋಟೋಗಳನ್ನು ಒಂದೊಂದಾಗಿ ನೋಡಿದೆ. ಎಲ್ಲ ಗಿಡವೂ ಎಡಕ್ಕೆ. ಒಂದರಲ್ಲೂ ಹಲ್ಲಿನ ಗೀರಿಲ್ಲ.

"ಅಜ್ಜಾ, ಅಂಗಿನ ಯಾವಾಗ್ಲೂ ಎಡಕ್ಕೇ ಹಿಂಡ್ತೀರಾ?"

"ಯಾವ ಕಡೆ ಹಿಂಡಿದ್ರೂ ನೀರೇ ಬರೋದು. ಅನ್ನ ನೋಡ್ಕೋ, ಸೀದೋಗುತ್ತೆ."

"ಮಾತು ಮರೆಸ್ಬೇಡಿ. ನಾಲ್ಕು ವರ್ಷ ನಮ್ಮ ಕಣ್ಣಿಗೆ ಮಣ್ಣೆರಚಿದ್ರಲ್ಲ!"

ಅವರು ಅಂಗಿಯನ್ನು ಬಂಡೆಯ ಮೇಲೆ ಹರವಿದರು. "ನಿಮಗೋಸ್ಕರ ಯಾರು ತಿರುಚಿದ್ರು? ಅವನನ್ನ ಕರೀತಿದ್ದೆ. ನಿನ್ನ ಉಸುನ್ ಲದ್ದಿನ ತಿಂಗ್ಳು ತಿಂಗ್ಳು ಯಾಕೆ ಹೊತ್ಕೊಂಡು ಹೋಗ್ತಿದ್ದೆ ಅಂದ್ಕೊಂಡೆ?"

"ಮೆಣಸಿನ ಗಿಡಕ್ಕೆ ಅಂದಿದ್ರಿ."

"ನಂಬಿದೆಯಲ್ಲ, ದಡ್ಡಿ. ಬುಡಕ್ಕೆ ಅದನ್ನ ಸವರಿ ಗಿಡ ತಿರುಚ್ತಿದ್ದೆ. ಇಲ್ಲೊಬ್ಬಳಿದ್ದಾಳೆ ಬಾರಪ್ಪಾ, ಅಂತ. ಅವನು ಎಲ್ಲಾದ್ರೂ ಇದ್ರೆ ಪಕ್ಕದಲ್ಲಿ ಒಂದು ತಿರುಚೇ ತಿರುಚ್ತಾನೆ."

"ನಮಗೆ ಹೇಳೋಕೆ ಏನಾಗಿತ್ತು ರೋಗ?"

"ಮೊದಲ್ನೇ ಸಲ ನಿಮ್ಮೋರೇ ನೋಡಿ ಕುಣಿದಾಡಿದ್ರು. ನೀನು ಇವತ್ತಿನ ಹಾಗೇ ಅತ್ತೆ. ಆಮೇಲೆ ಬಾಯಿ ಬರ್ಲಿಲ್ಲ ಮಗಾ. ಹುಡುಕೋದು ನಿಲ್ಲಿಸ್ಬಿಟ್ರೆ ಅನ್ನೋ ಭಯ."

"ಅವನು ಒಂದಾದ್ರೂ ತಿರುಚಿದ್ನಾ?"

ಅಜ್ಜ ತಲೆಯಾಡಿಸಿದರು. "ಒಂದೂ ಇಲ್ಲ."

ಅನ್ನ ಸೀದಿತ್ತು. ಅವರನ್ನು ಬಾಯಿಗೆ ಬಂದಂತೆ ಬೈದೆ. ಪ್ರತಿ ಸಂಜೆ ಬೇಲಿಯ ಪಕ್ಕ ನಿಂತು "ಬರ್ತಾನೆ ಕಣೇ, ಇದ್ದಾನೆ" ಎಂದು ಉಸುನ್‌ಗೆ ಹೇಳುತ್ತಿದ್ದವಳು ನಾನು. ಹಾಗೆ ಹೇಳುವಾಗ ನನಗೆಷ್ಟು ಸುಖವಾಗುತ್ತಿತ್ತು ಎನ್ನುವುದು ಆಗ ಗೊತ್ತಾಯಿತು. ಆ ಸುಖ ಇನ್ನು ಬೇಕೆಂದರೂ ಸಿಗುವುದಿಲ್ಲ.

ಸುಳ್ಳು ಬರೆಯುವ ಆಸೆ ಆಗಲಿಲ್ಲವೆಂದರೆ ಅದೇ ದೊಡ್ಡ ಸುಳ್ಳಾದೀತು. ಗುರುತು ಸಿಕ್ಕಿತೆಂದು ಬರೆದಿದ್ದರೆ ಇನ್ನೊಂದು ವರ್ಷ ಹುಡುಕುತ್ತಿದ್ದರು. ಆದರೆ ಇಲ್ಲಿ ಹುಡುಕುತ್ತ ಕೂತರೆ, ಅವನು ಬೇರೆ ಯಾವುದೋ ಕಣಿವೆಯಲ್ಲಿ ಒಂಟಿಯಾಗಿ ಸತ್ತರೆ? "ಗಿಡಗಳನ್ನು ತಿರುಚಿದ್ದು ಮನುಷ್ಯನ ಕೈ" ಎಂದು ಬರೆದೆ. ಅಜ್ಜ ಓದಿಸಿಕೊಂಡು, "ನನ್ನ ಹೆಸರೂ ಹಾಕು" ಎಂದರು. ಹಾಕಿದೆ.

ಸಾಕ್ಷಿಗೆಂದು ಆ ಗಿಡವನ್ನು ಕಡಿದು ತಂದೆವು. ಎರಡು ದಿನದ ದೋಣಿ ಪ್ರಯಾಣ ಮುಗಿಸಿ ಆವರಣ ಮುಟ್ಟಿದಾಗ ಸಂಜೆ. ಕಾಲಿನ ಕೆಸರು ತೊಳೆಯಲು ಅಜ್ಜ ಅದನ್ನು ಬೇಲಿಗೆ ಒರಗಿಸಿದರು.

ಉಸುನ್ ಕೆಸರಿನಿಂದ ಎದ್ದು ಬಂದಳು. ಗಿಡವನ್ನು ಬುಡದಿಂದ ತಿರುಚಿನವರೆಗೆ ಮೂಸಿದಳು. ಅಲ್ಲಿ ಹಿಡಿದಿದ್ದ ಅಜ್ಜನ ಕೈಯ ಬೆವರಿನ ವಾಸನೆಯ ಹತ್ತಿರ ತುಂಬ ಹೊತ್ತು ನಿಂತಳು. ಆಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ, ಬೇಲಿಯೊಳಗಿನ ಎಳೆ ಗಿಡವೊಂದನ್ನು ಬಾಯಲ್ಲಿ ಕಚ್ಚಿ ಗರಗರ ತಿರುಚಿದಳು. ಹನ್ನೊಂದು ವರ್ಷದಲ್ಲಿ ಅವಳು ಹಾಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ತಿರುಚಿ ಹಿಂದಕ್ಕೆ ಸರಿದು ಸಣ್ಣಗೆ ಕೂಗಿದಳು. ಕಿವಿಯೆತ್ತಿ ನಮ್ಮ ಕಡೆಗೇ ನೋಡುತ್ತ ನಿಂತಳು.

ಅಜ್ಜ ಅವಳ ಹತ್ತಿರ ಹೋದರು. ಬೇಲಿಗೆ ಹಣೆಯಿಟ್ಟು ಹೇಳಿದರು:

"ಅವನಲ್ಲ ಕಣವ್ವಾ. ನಾನು ಅದು… ಬರೀ ನಾನು."