ರೈಟಣ್ಣನ ಸಾಕ್ಷಿ ಬಾಟಲಿ

"ಇಳಿ ಕೆಳಗೆ! ಈ ಗಾಡಿ ನೀನು ಓಡಿಸ್ಕೂಡ್ದು," ಎಂದು ತೀರಿಕೊಂಡ ಕಂಡಕ್ಟರ್ ರೈಟಣ್ಣನ ಹೆಂಡತಿ ಶವದ ವ್ಯಾನಿನ ಬಾಗಿಲನ್ನು ಜಗ್ಗಿ ತೆರೆದಳು.

ಸ್ಟೇರಿಂಗ್ ಹಿಡಿದು ಕೂತಿದ್ದವನು ಅವಳ ಗಂಡನ ಜೊತೆ ಇಪ್ಪತ್ತಾರು ವರ್ಷ ಒಂದೇ ಬಸ್ಸಿನಲ್ಲಿ ದುಡಿದ ಡ್ರೈವರ್. ಅತ್ತೂ ಅತ್ತೂ ಅವನ ಕಣ್ಣು ಕೆಂಡವಾಗಿತ್ತು.

"ಯಾಕತ್ತಿಗೆ? 'ನನ್ನ ಕೊನೇ ಟ್ರಿಪ್ಪಿಗೆ ನೀನೇ ಡ್ರೈವರ್ರು' ಅಂತ ರೈಟಣ್ಣನೇ ಹೇಳಿದ್ದ."

"ಅವರು ಹೇಳಿದ್ದೆಲ್ಲ ನಿಜ ಆಗಿದ್ರೆ ನಿಮ್ಮ ಬಸ್ಸು ಒಂದು ಸಲ ಹೊಳೆ ಮೇಲೆ ತೇಲ್ಕೊಂಡು ಹೋಗಿರ್ಬೇಕಿತ್ತು! ದಿನಾ ಸಂಜೆ ಡಿಪೋ ಹಿಂದೆ ಅವರಿಗೆ ಸಿಗರೇಟು ಕೊಡ್ತಿದ್ದೋನು ನೀನೇ."

"ಅಮ್ಮಾ, ಜನ ನೋಡ್ತಿದಾರೆ," ಮಗಳು ತೋಳು ಹಿಡಿದಳು. "ಹಾರ್ಟು ನಿಂತಿದ್ದು ಅಂತ ಡಾಕ್ಟ್ರು ಹೇಳಿದ್ರಲ್ಲ."

"ಹಾರ್ಟು ಸುಮ್‌ಸುಮ್ನೆ ನಿಲ್ಲುತ್ತಾ?"

"ರೈಟಣ್ಣನ ಜೇಬಲ್ಲಿ ಸಿಗರೇಟು ಪ್ಯಾಕೆಟ್ ಇದ್ದಿದ್ದು ನಾನೂ ಕಂಡಿದೀನಿ," ಎಂದು ಪಕ್ಕದ ಮನೆಯವಳು ಒಗ್ಗರಣೆ ಹಾಕಿದಳು.

*

ನಾಲ್ಕು ವರ್ಷದ ಹಿಂದೆ ರೈಟಣ್ಣನ ಬಲ ಶ್ವಾಸಕೋಶದ ಒಂದು ಚೂರನ್ನು ಕತ್ತರಿಸಿ ತೆಗೆದಿದ್ದರು. ಹೊರಗಿನ ಗಾಯ ಮಾಯಿತು, ಒಳಗಿನ ತೂತು ಮುಚ್ಚಲಿಲ್ಲ. ಎದೆಯಿಂದ ಹೊರಟ ನಳಿಕೆ ಮಂಚದ ಕೆಳಗಿನ ನೀರಿನ ಬಾಟಲಿಗೆ ಇಳಿದಿತ್ತು. ಸೋರಿದ ಗಾಳಿ ಅದರಲ್ಲಿ ಗುಳುಗುಳು ಎನ್ನುತ್ತಿತ್ತು. ಐದಾರು ದಿನದಲ್ಲಿ ನಿಲ್ಲಬೇಕಾದದ್ದು ಇಪ್ಪತ್ತೊಂದು ದಿನವಾದರೂ ನಿಲ್ಲಲಿಲ್ಲ.

ಕೆಮ್ಮಿದರೆ ಗುಳು. ನಕ್ಕರೆ ಗುಳುಗುಳು. ಅವನ ಬಾಯಿಗೋ ಬೀಗವಿಲ್ಲ. "ನಾನು ಸೀಟಿ ಊದಿದ್ರೆ ಆಚೆ ಬೆಟ್ಟದ ಮೇಲಿನ ರೈಲೇ ನಿಂತ್ಬಿಡ್ತಿತ್ತು," ಎಂದು ವಾರ್ಡಿನವರ ಮುಂದೆ ಕೊಚ್ಚಿದಾಗ ಬಾಟಲಿ ಕೊತಕೊತ ಕುದಿಯಿತು.

"ನೋಡಿ, ನೀವು ಸುಳ್ಳಾಡಿದ್ರೆ ಬಾಟಲಿನೇ ಹೇಳ್ಬಿಡುತ್ತೆ," ಎಂದಳು ಹೆಂಡತಿ. ಅಂದಿನಿಂದ ಅದೇ ಅವಳ ಸಾಕ್ಷಿ.

ಇಪ್ಪತ್ತೆರಡನೇ ದಿನ ಡಾಕ್ಟರು ಅವನ ತೋಳಿನಿಂದ ರಕ್ತ ಎಳೆದು, ಅದೇ ನಳಿಕೆಯಲ್ಲಿ ಎದೆಯೊಳಕ್ಕೆ ಬಿಟ್ಟರು. "ಹೆಪ್ಪುಗಟ್ಟಿ ತೂತಿಗೆ ಅಂಟ್ಕೊಳ್ಳುತ್ತೆ. ಹೊರಳಾಡ್ತಾ ಇರಿ," ಎಂದರು.

"ನನ್ನ ರಕ್ತವೇ ನಂಗೆ ತೇಪೆ!" ಎನ್ನುತ್ತಾ ಅವನು ಎಡಕ್ಕೂ ಬಲಕ್ಕೂ ಹೊರಳಿದ. ಮಾರನೇ ದಿನ ಬಾಟಲಿ ಗಪ್‌ಚಿಪ್.

"ಇನ್ಮೇಲೆ ಸಿಗರೇಟು ಮುಟ್ತೀರಾ?"

"ನಿನ್ನಾಣೆಗೂ ಮುಟ್ಟಲ್ಲ."

ಅವಳು ಬಗ್ಗಿ ನೋಡಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಮಾತು ನಿಜವೆಂದೋ, ತೂತು ಮುಚ್ಚಿತೆಂದೋ? ಆ ಅನುಮಾನ ನಾಲ್ಕು ವರ್ಷ ಅವಳ ಜೊತೆಯಲ್ಲೇ ಉಂಡು ಮಲಗಿತು.

*

ಡ್ರೈವರ್ ಕೆಳಗಿಳಿದು ಜೇಬಿನಿಂದ ಒಂದು ಮುದುರಿದ ಸಿಗರೇಟು ಪ್ಯಾಕೆಟ್ ತೆಗೆದ. "ಮೊನ್ನೆ ಡಿಪೋದಲ್ಲೇ ಮರೆತು ಹೋಗಿದ್ದ."

"ನೋಡಿದ್ರಾ! ಕಳ್ಳನೇ ಮಾಲು ತಂದ!"

"ತೆಗೆದು ನೋಡಿ ಅತ್ತಿಗೆ."

ಒಳಗೆ ಸಿಗರೇಟು ಇರಲಿಲ್ಲ. ರೈಟಣ್ಣನ ಹಿತ್ತಾಳೆ ಸೀಟಿ ಇತ್ತು. ಅದರ ಸಂದಿಗೆ ಹತ್ತಿ ತುರುಕಿತ್ತು.

"ಆಪರೇಷನ್ ಆದ್ಮೇಲೆ ಅವನ್ನ ಬಸ್ಸಿಂದ ಇಳಿಸಿ ಕೌಂಟರಲ್ಲಿ ಕೂರಿಸಿದ್ರಲ್ಲ. ಮತ್ತೆ ಬಸ್ಸು ಹತ್ಬೇಕು ಅಂತ ದಿನಾ ಕದ್ದು ಊದ್ತಿದ್ದ. ಕೋಳಿಮರಿ ಕೂಗಿದಷ್ಟೂ ಸದ್ದು ಬರ್ಲಿಲ್ಲ. ಡಿಪೋದೋರು ನಕ್ರು. ಆಮೇಲೆ ಯಾರ್ಗೂ ಕೇಳ್ಬಾರ್ದು ಅಂತ ಹತ್ತಿ ತುರುಕ್ಕೊಂಡ. ಊದಿದಾಗ ಈ ಹತ್ತಿ ಹಾರಿದ ದಿನ ಬಸ್ಸು ಹತ್ತುತ್ತೀನಿ ಅಂತಿದ್ದ."

"ಹಾರ್ತಾ?"

"ಇಲ್ಲ."

"ಮತ್ತೆ ಈ ಪ್ಯಾಕೆಟ್ ಯಾಕೆ?"

"ನಂದೇ ಖಾಲಿ ಪ್ಯಾಕೆಟ್ಟು, ಇಸ್ಕೊಂಡ. 'ಸಿಗರೇಟು ಅನ್ಕೊಂಡ್ರೆ ಅವಳು ಬೈತಾಳೆ ಅಷ್ಟೇ. ಸೀಟಿ ಅಂತ ಗೊತ್ತಾದ್ರೆ ಅಳ್ತಾಳೆ' ಅಂದ."

ಅವಳು ನಂಬಲಿಲ್ಲ. ಪ್ಯಾಕೆಟ್ಟನ್ನು ಮೂಸಿದಳು. ತಂಬಾಕಿನ ವಾಸನೆ. ಡ್ರೈವರನ ಬೆರಳು ಹಿಡಿದೆಳೆದು ಮೂಸಿದಳು. ಅದೇ ವಾಸನೆ. ಸೀಟಿಯನ್ನು ಮೂಸಿದಳು. ಬರೀ ಹಿತ್ತಾಳೆ.

ತುಂಬಾ ಹೊತ್ತು ಅದನ್ನೇ ಮೂಗಿನ ಹತ್ತಿರ ಹಿಡಿದು ನಿಂತಳು.

"ಹತ್ತು," ಎಂದಳು.

ಮಗಳೂ ಅವಳೂ ಹಿಂದೆ ಹೆಣದ ಪಕ್ಕ ಕೂತರು. ಎಂಜಿನ್ ಗುರುಗುಟ್ಟಿತು. ಗಾಡಿ ಅಲುಗಲಿಲ್ಲ.

"ಹೊರಡಪ್ಪಾ, ಹೊತ್ತಾಯ್ತು," ಎಂದು ಹೊರಗಿನಿಂದ ಯಾರೋ ಕೂಗಿದರು.

ಡ್ರೈವರನ ಕಾಲು ಕ್ಲಚ್ಚಿನ ಮೇಲೆ, ಕಣ್ಣು ಕನ್ನಡಿಯಲ್ಲಿ. ಇಪ್ಪತ್ತಾರು ವರ್ಷದಲ್ಲಿ ಎರಡು ಸೀಟಿ ಕೇಳದೆ ಅವನು ಗಾಡಿ ಎತ್ತಿದವನಲ್ಲ.

ಅವಳು ಸೀಟಿಯನ್ನು ಬಾಯಿಗಿಟ್ಟು ಊದಿದಳು. ಹತ್ತಿ ಅಡ್ಡವಾಗಿ ಉಸಿರು ಹೊರಡಲಿಲ್ಲ. ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ, ಎದೆಯಲ್ಲಿದ್ದುದೆಲ್ಲವನ್ನೂ ಸೇರಿಸಿ ಮತ್ತೊಮ್ಮೆ ಊದಿದಳು. ಹತ್ತಿ ಪಟ್ಟನೆ ಚಿಮ್ಮಿ ಗಂಡನ ಎದೆಯ ಮೇಲೆ, ಬಲಗಡೆಗೆ ಬಿತ್ತು.

ಆಮೇಲೆ ಎರಡು ಸೀಟಿ. ಗಾಡಿ ಹೊರಟಿತು.