ಎಡಗೈ ಕಟ್ಟಿದವರು ಯಾರು

ಅಲೆಪ್ಪೋದ ಆ ಆಶ್ರಯಮನೆಯಲ್ಲಿ ಜಾರೂಹಿಗೆ ಇದ್ದದ್ದು ಒಂದೇ ಕೆಲಸ: ಕೇಳುವುದು, ಬರೆಯುವುದು. ಹೆಸರೇನು, ತಂದೆಯ ಹೆಸರೇನು, ಯಾವ ಊರು, ಯಾರು ಹಿಡಿದುಕೊಂಡು ಹೋದರು, ಹೇಗೆ ಬಂದೆ. ಹನ್ನೆರಡು ವರ್ಷದ ಹಿಂದೆ ಗಡೀಪಾರಿನ ದಾರಿಯಲ್ಲಿ ಚೆಲ್ಲಾಪಿಲ್ಲಿಯಾದ ಅರ್ಮೇನಿಯನ್ ಹೆಣ್ಣುಮಕ್ಕಳು ಮರಳುಗಾಡಿನ ಗುಡಾರಗಳಿಂದ ಒಬ್ಬೊಬ್ಬರಾಗಿ ಬರುತ್ತಿದ್ದರು. ಬಂದವರಿಗೆಲ್ಲ ದಫ್ತರಿನಲ್ಲಿ ಒಂದೊಂದು ಪುಟ, ಪುಟಕ್ಕೊಂದು ಫೋಟೋ. ಖರ್ಚು ಜಿನೀವಾದ ರಾಷ್ಟ್ರಸಂಘದ್ದು. ಲೋಕದಲ್ಲಿ ಇನ್ನು ಯುದ್ಧವೇ ಬೇಡವೆಂದು ದೇಶದೇಶಗಳು ಸೇರಿ ಕಟ್ಟಿಕೊಂಡ ಸಂಘ ಅದು.

ಅಡುಗೆಯ ನೆಕ್ತಾರ್ ಖಾನುಮ್‌ಗೆ ಆ ಸಂಘದ ಹೆಸರೆತ್ತಿದರೆ ಸಾಕು, ಮೈಯೆಲ್ಲ ಉರಿ.

"ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಜನ! ನಿಮಗೊಂದು ನಾಡು ಕೊಡಿಸ್ತೀವಿ ಅಂದ್ರು. ಕೊಡಿಸಿದ್ರಾ? ಕೊಟ್ಟಿದ್ದು ಒಂದು ಫೋಟೋ ಪೆಟ್ಟಿಗೆ!"

"ಗ್ರೀಕರೂ ಬಲ್ಗೇರಿಯದವರೂ ಹೋದ ವರ್ಷದ ಹಿಂದಿನ ವರ್ಷ ಗಡೀಲಿ ಬಡಿದಾಡಿದಾಗ ಹತ್ತು ದಿನದಲ್ಲಿ ನಿಲ್ಲಿಸಿದ್ರಲ್ಲ ಖಾನುಮ್? ನೀವು ಬೇಯಿಸ್ತಿರೋ ಗೋಧಿನುಚ್ಚೂ ಅವರದೇ," ಎಂದಳು ಜಾರೂಹಿ.

"ಅದಕ್ಕೇ ಅದರಲ್ಲಿ ಇಷ್ಟು ಕಲ್ಲು!"

ಈಗ ಆ ಕಲ್ಲಿನ ಗೋಧಿಗೂ ಸಂಚಕಾರ ಬಂದಿತ್ತು. ವರ್ಷ ಮುಗಿಯುತ್ತಿದ್ದಂತೆ ಜಿನೀವಾದ ದುಡ್ಡು ನಿಲ್ಲುತ್ತದೆ, ಮನೆ ಮುಚ್ಚುತ್ತದೆ ಎಂದು ಫ್ರೆಂಚಿನಲ್ಲಿ ಬಂದ ಕಾಗದವನ್ನು ಗೋಡೆಗೆ ಅಂಟಿಸಿದ್ದರು, ದೊಡ್ಡ ಮೊಹರಿನ ಸಮೇತ. ಉಳಿದದ್ದು ಮೂರೇ ವಾರ. ಜಾರೂಹಿಯ ಚಿಂತೆ ಸಂಬಳದ್ದಲ್ಲ. ಹೊಸಬರು ಯಾರೇ ಬರಲಿ, ಅವಳು ಮೊದಲು ನೋಡುತ್ತಿದ್ದದ್ದು ಮುಖವನ್ನಲ್ಲ, ಕೈಗಳನ್ನು. ಯೂಫ್ರೆಟಿಸ್ ದಡದಲ್ಲಿ ಅವಳ ಕೈತಪ್ಪಿ ಹೋದ ತಂಗಿ ಅರ್ಷಲೂಸ್‌ಗೆ ಆಗ ಏಳು ವರ್ಷ, ಮತ್ತು ಅವಳು ಎಡಚಿ. ಐದು ವರ್ಷದಲ್ಲಿ ಮೂರು ಸಲ ಯಾರೋ ಎಡಚಿಯರನ್ನು ತಬ್ಬಿಕೊಂಡು ಅತ್ತು, ಆಮೇಲೆ ನಾಚಿ ಸತ್ತಿದ್ದಳು. ಬಾಗಿಲು ಮುಚ್ಚಿದ ಮೇಲೆ ಆ ಹುಡುಗಿ ಬಂದರೆ ಎಲ್ಲಿಗೆ ಬರಬೇಕು?

ಒಂದು ಮಧ್ಯಾಹ್ನ ಗಲ್ಲದ ಮೇಲೆ ಮರಳುಗಾಡಿನವರ ನೀಲಿ ಹಚ್ಚೆಯ ಹೆಂಗಸೊಬ್ಬಳು ಬಂದಳು. ಕುರಿಯ ಉಣ್ಣೆಯ ವಾಸನೆ ಅವಳಿಗಿಂತ ಮುಂಚೆ ಒಳಗೆ ಬಂತು. ಕೂತುಕೋ ಎಂದರೆ ಕೂರಲಿಲ್ಲ.

"ಹೆಸರು?" ಜಾರೂಹಿ ಅರಬ್ಬಿಯಲ್ಲಿ ಕೇಳಿದಳು.

"ಅಮ್ಶಾ."

"ಅದು ಗುಡಾರದವರು ಇಟ್ಟಿದ್ದು. ಮುಂಚಿನದು?"

"ನೆನಪಿದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ? ಬರೆಯೋದು ಬಿಡಮ್ಮ. ನಾನು ಇರೋಕೆ ಬಂದಿಲ್ಲ. ಒಂದು ಮಾತು ಕೇಳೋಕೆ ಬಂದೆ. ನಮ್ಮವರು ಉಣ್ಣೆ ಮಾರೋಕೆ ಪೇಟೆಗೆ ಬಂದಿದ್ದಾರೆ, ಸಂಜೆ ಹೊರಡ್ತಾರೆ."

ಅಲ್ಲಾ, ಇಷ್ಟು ಜನ ಬಂದು ಅತ್ತಿದ್ದರು, ಹಸಿವೆಂದಿದ್ದರು, ಬಚ್ಚಿಡಿ ಎಂದಿದ್ದರು. ಪ್ರಶ್ನೆ ಹೊತ್ತು ಬಂದವರು ಯಾರೂ ಇರಲಿಲ್ಲ! ಜಾರೂಹಿ ಲೇಖನಿ ಕೆಳಗಿಟ್ಟಳು.

"ಕೇಳು."

"ಸಣ್ಣವಳಿದ್ದಾಗ ಯಾರೋ ನನ್ನ ಎಡಗೈನ ಕೆಂಪು ಬಟ್ಟೇಲಿ ಸೊಂಟಕ್ಕೆ ಕಟ್ಟಿದ್ರು. ಹಿಡ್ಕೊಂಡು ಬಂದೋರೇ ಕಟ್ಟಿರಬೇಕು ಅಂತಾಳೆ ನಮ್ಮತ್ತೆ. ಆದ್ರೆ ಆ ನೆನಪಲ್ಲಿ ಯಾರೋ ನಗ್ತಿರ್ತಾರೆ. ನಾನೂ ನಗ್ತಿರ್ತೀನಿ. ಕೈ ಕಟ್ಟಿದ ವೈರಿ ಮುಂದೆ ಯಾರಾದ್ರೂ ನಗ್ತಾರಾ? ಇದೊಂದು ತಲೆ ಕೊರೀತಿದೆ. ನಿಮ್ಮ ಪುಸ್ತಕದಲ್ಲಿ ಎಲ್ಲರ ಕಥೆಯೂ ಇದೆಯಂತಲ್ಲ, ನೋಡಿ ಹೇಳು."

ಜಾರೂಹಿ ಆ ಎಡಗೈಯನ್ನೇ ನೋಡಿದಳು. ಆದರೂ ಸುಟ್ಟುಕೊಂಡ ಬೆಕ್ಕು ಅವಳು, ಹಾಲಿಗೆ ಬಾಯಿ ಹಾಕಲಿಲ್ಲ. ಪಕ್ಕದ ಕೋಣೆಯಲ್ಲಿ ಹೆಂಗಸರು ಮಾರಾಟಕ್ಕೆಂದು ಜಾರೂಹಿಯ ಊರಾದ ಮರಾಷ್‌ನ ಕಸೂತಿ ಹಾಕುತ್ತಿದ್ದರು. ಅಲ್ಲಿಂದ ನೂಲು ಹಾಕಿದ ಸೂಜಿ, ಒಂದು ತುಂಡು ಬಟ್ಟೆ ತಂದು ಅಮ್ಶಾಳ ಕೈಗೆ ಕೊಟ್ಟಳು.

ಅಮ್ಶಾ ಸೂಜಿಯನ್ನು ಎಡಗೈಗೆ ದಾಟಿಸಿಕೊಂಡಳು. ಮೊದಲು ಅಡ್ಡಡ್ಡ ನೂಲು ಹಾಸಿದಳು, ಆಮೇಲೆ ಅದರ ಮೇಲೆ ಕೆಳಗೆ ತೂರಿಸುತ್ತ ಒಂದು ಶಿಲುಬೆ ಹೆಣೆದಳು. ಅಪ್ಪಟ ಮರಾಷ್ ಹೊಲಿಗೆ. ಆದರೆ ಎಲ್ಲರೂ ಬಲದಿಂದ ಹೋದರೆ ಇವಳು ಎಡದಿಂದ.

"ಇದನ್ನ ಗುಡಾರದ ಚೀಲಕ್ಕೆಲ್ಲ ಹಾಕಿದ್ದೀನಿ. ಎಲ್ಲಿ ಕಲಿತೆ ಅಂದ್ರೆ ಗೊತ್ತಿಲ್ಲ, ಕೈಗೇ ಗೊತ್ತು," ಎಂದಳು. ಮತ್ತೆ ಏನೋ ಹೊಳೆದಂತೆ, "ಆ ಗಂಟನ್ನ ಹಲ್ಲಲ್ಲಿ ಬಿಚ್ಚುತಿದ್ದೆ. ಬಟ್ಟೆ ಹುಳಿಹುಳಿಯಾಗಿರ್ತಿತ್ತು. ಬಟ್ಟೆ ಯಾಕೆ ಹುಳಿ ಇರತ್ತೆ, ಹೇಳು?"

ಯಾಕೆಂದರೆ ಅದು ತರ್ಹಾನ ಹುದುಗಿಸುವ ಗಡಿಗೆಯ ಬಾಯಿಬಟ್ಟೆ. ಮೊಸರು, ಗೋಧಿ ಕಲಸಿಟ್ಟ ಗಡಿಗೆ. ಎಡಗೈಲಿ ಸೂಜಿ ಹಿಡಿದರೆ ಗಂಡ ಸಿಗಲ್ಲ ಎಂದು ಅಮ್ಮ ಗದರಿದಾಗ ಕೈಗೆ ಸಿಕ್ಕ ಆ ಬಟ್ಟೆಯಲ್ಲೇ ಕಟ್ಟುತ್ತಿದ್ದರು. ಅಮ್ಮನಿಲ್ಲ, ಅಜ್ಜಿಯಿಲ್ಲ, ಗಡಿಗೆಯಿಲ್ಲ, ಆ ಮನೆಯೇ ಇಲ್ಲ. ಲೋಕದಲ್ಲಿ ಆ ಹುಳಿ ಗೊತ್ತಿದ್ದವರು ಇನ್ನು ಇಬ್ಬರೇ.

"ಕಟ್ಟಿದ್ದು ನಾನೇ ಕಣೇ," ಎಂದಳು ಜಾರೂಹಿ. "ಅಮ್ಮ ಕಟ್ಟು ಅಂದ್ಳು, ತರ್ಹಾನದ ಗಡಿಗೆ ಬಟ್ಟೇಲಿ ನಾನು ಕಟ್ಟಿದೆ. ನೀನು ಬಿಚ್ಚಿಕೊಂಡು ನಾಲಿಗೆ ಚಾಚುತಿದ್ದೆ. ನಗ್ತಿದ್ದದ್ದು ನಾನೇ. ನಿನ್ನ ಅಕ್ಕ!"

ಆಮೇಲಿನದನ್ನು ಹೇಳುವುದೇನು! ಅಕ್ಕತಂಗಿಯರ ಗೋಳಿಗೆ ಇಡೀ ಮನೆ ನೆರೆಯಿತು. ನೆಕ್ತಾರ್ ಖಾನುಮ್ ಸೌಟು ಹಿಡಿದೇ ಓಡಿಬಂದು, "ಜಿನೀವಾದವರ ಹೊಟ್ಟೆ ತಣ್ಣಗಿರಲಿ!" ಎಂದುಬಿಟ್ಟಳು. ಐದು ವರ್ಷದಲ್ಲಿ ಅವರಿಗೆ ಅವಳ ಬಾಯಿಂದ ಸಿಕ್ಕ ಒಂದೇ ಆಶೀರ್ವಾದ ಅದು. ಗೋಧಿನುಚ್ಚು ತುಂಬಿದ ಒಣ ಬದನೆಯ ದೋಲ್ಮಾ ಬಿಸಿಯಾಗಿ ಬಂತು. ಅಮ್ಶಾ ಅಳುತ್ತಲೇ ಐದು ತಿಂದಳು. ತಿಂದು ಕೈ ತೊಳೆದುಕೊಂಡು ಎದ್ದು ನಿಂತಳು.

"ಹೊರಡ್ತೀನಿ ಅಕ್ಕ. ಹೊತ್ತಾಯ್ತು."

"ಎಲ್ಲಿಗೆ?"

"ಮಗು ಅತ್ತೆ ಹತ್ರ ಇದೆ. ಇನ್ನೂ ಮೊಲೆ ಬಿಟ್ಟಿಲ್ಲ. ಅವನ ಅಪ್ಪ ಕೆಟ್ಟವನಲ್ಲ."

ಹನ್ನೆರಡು ವರ್ಷ ಹುಡುಕಿದ್ದು ಒಂದು ಮಧ್ಯಾಹ್ನಕ್ಕೇ? ಜಾರೂಹಿ ಎಂದೂ ಸುಳ್ಳು ಹೇಳಿದವಳಲ್ಲ. ಅಂದು ಹೇಳಿದಳು. ಗೋಡೆಯ ಮೇಲಿನ ಕಾಗದಕ್ಕೆ ಬೆರಳು ತೋರಿಸಿ, "ಆ ಮೊಹರು ನೋಡು. ರಾಷ್ಟ್ರಸಂಘದ ಕಾನೂನು. ಈ ಬಾಗಿಲು ದಾಟಿ ಒಳಗೆ ಬಂದವರು ವಾಪಸ್ ಹೋಗೋ ಹಾಗಿಲ್ಲ," ಎಂದಳು.

ಅಮ್ಶಾ ಕಾಗದ ನೋಡಿದಳು. ಅವಳಿಗೆ ಓದು ಬಾರದು. ಅಕ್ಕನ ಮುಖ ನೋಡಿದಳು. ಅದನ್ನು ಓದಲು ಬಂತು. ಮೆಲ್ಲಗೆ ತನ್ನ ಎಡಗೈ ಮುಂದೆ ಚಾಚಿದಳು.

"ಹಾಗಾದ್ರೆ ಮತ್ತೆ ಕಟ್ಟು ಅಕ್ಕ," ಎಂದಳು. "ಈ ಸಲ ಮಾತ್ರ ನಂಗೆ ನಗು ಬರಲ್ಲ."

ಜಾರೂಹಿ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬಹಳ ಹೊತ್ತು ಹಿಡಿದೇ ಇದ್ದು, ಬಿಟ್ಟಳು.

"ಅದು ಸುಳ್ಳು ಕಣೇ. ಈ ಮನೆ ಮುಚ್ತಾರೆ ಅಂತ ಬರೆದಿದೆ, ಅಷ್ಟೇ. ಕೇಳಿಸ್ಕೋ. ಮುಂದಿನ ಸಲ ಇಲ್ಲಿಗೆ ಬರಬೇಡ. ಸ್ಟೇಷನ್ ಹಿಂದೆ ನಮ್ಮವರ ತಗಡಿನ ಗುಡಿಸಲುಗಳಿವೆ. ಬಾವಿ ಹತ್ರ ಮರಾಷ್‌ನ ಜಾರೂಹಿ ಎಲ್ಲಿ ಅಂತ ಕೇಳು. ಮಗೂನೂ ಕರ್ಕೊಂಡು ಬಾ."

"ವಸಂತದಲ್ಲಿ ತುಪ್ಪ ಮಾರೋಕೆ ಬರ್ತೀವಿ," ಎಂದಳು ತಂಗಿ. "ಆ ಹುಳಿದು ಮಾಡಿಡು. ಅದರ ಹೆಸರೇನಂದೆ?"

"ತರ್ಹಾನ."

ಅವಳು ಹೋದ ಮೇಲೆ ಜಾರೂಹಿ ಕೂತು ಪುಟ ತುಂಬಿದಳು. ಹೆಸರು, ತಂದೆಯ ಹೆಸರು, ಊರು: ಮೂರನ್ನೂ ಕೇಳದೆಯೇ ಬರೆದಳು. ಕೊನೆಯಲ್ಲಿ, ರಕ್ಷಣೆ ಹೇಗಾಯಿತು ಎಂಬ ಜಾಗದಲ್ಲಿ ಲೇಖನಿ ನಿಂತಿತು. ನೆಕ್ತಾರ್ ಖಾನುಮ್ ಭುಜದ ಮೇಲಿಂದ ಬಗ್ಗಿ, "ಏನು ಬರೀತೀಯ? ಜಿನೀವಾದವರು ಲೆಕ್ಕಕ್ಕೆ ತಗೋತಾರಾ, ಬಿಡ್ತಾರಾ?" ಎಂದಳು.

"ಅವರಿಷ್ಟ," ಎಂದು ಜಾರೂಹಿ ಬರೆದಳು: ತವರಿಗೆ ಬಂದು ಹೋದಳು.

ಆಮೇಲೆ ಎದ್ದು, ಅಡುಗೆಮನೆಯಲ್ಲಿ ಹಳೆಯ ಗಡಿಗೆ ಯಾವುದಾದರೂ ಇದೆಯೇ ಎಂದು ಕೇಳಿದಳು.